ಟ್ರಯಥ್ಲಾನ್ ಈಜಿನಲ್ಲಿ ವೇಗಸಾಧನೆ

ಈಜು, ಸೈಕಲ್ ಸವಾರಿ, ಓಟ ಇವು ಮೂರನ್ನೂ ಬಿಡುವಿಲ್ಲದೆ ಒಂದರ ಬೆನ್ನಿಗೊಂದರಂತೆ ಪೂರೈಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. 2000ದ ಸಿಡ್ನಿ ಒಲಿಂಪಿಕ್ ಕ್ರೀಡೆಗಳಲ್ಲಿ ಇದು ಮೊದಲು ಸೇರಿತು. ಅಲ್ಲಿನ ಕ್ರಮದಂತೆ 1.5 ಕಿ.ಮೀ. ಈಜಿದ ಸ್ಪರ್ಧಿ ಮುಂದೆ 40 ಕಿ.ಮೀ. ಸೈಕಲ್ ತುಳಿದು 10 ಕಿ.ಮೀ. ಓಡಬೇಕು.

ತೋಳ್ಬಲ ಹೆಚ್ಚಿದರೆ ಈಜಿನ ವೇಗವೂ ಹೆಚ್ಚುವುದೆಂಬುದು ಸಾಮಾನ್ಯರ ಭಾವನೆ. ಅದು ಪೂರ್ಣಸತ್ಯವಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ವೇಗ ಇಮ್ಮಡಿಸಿದರೆ ಅದರ ತಡೆ ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದೆ. ಆದುದರಿಂದ ಬಲವನ್ನು ಕೂಡಿಸುವುದಕ್ಕಿಂತ ತಡೆಯನ್ನು ಕಳೆಯುವುದೇ ಮೊದಲ ಕೆಲಸ. ತಲೆಯೆತ್ತಿದೊಡನೆ ಸೊಂಟವೂ ಕಾಲುಗಳೂ ಕೆಳಗಿಳಿದು ಮೈಯೇ ನೀರಿಗೆ ಅಡ್ಡವಾಗುತ್ತದೆ. ದೃಷ್ಟಿ ತಳದತ್ತ ಇರಬೇಕು. ಉಸಿರಿಗಾಗಿ ತಲೆಯೆತ್ತದೆ ಮೈಯೊಡನೆ ಪಕ್ಕಕ್ಕೆ ಹೊರಳಬೇಕು. ಊರಕೆರೆಯಲ್ಲಿ ತಲೆಯೆತ್ತಿಯೇ ಈಜಿ ಬೆಳೆದವರಿಗೆ ಇದೊಂದೇ ಎಲ್ಲಕ್ಕಿಂತ ಕಷ್ಟ! ಮೊಳಕೈಯನ್ನು ಮೇಲಿರಿಸಿ, ಅಂಗೈಯೊಡನೆ ಮುಂಗೈಯಿಂದಲೂ ನೀರನ್ನು ಹುಟ್ಟಿನಂತೆ ಹಿಂದಕ್ಕೆ ನೂಕಬೇಕು.

ಕಾಲುಗಳನ್ನು ಬಿರುಸಾಗಿ ಬಡಿಯುವುದು ಈ ಸ್ಪರ್ಧಿಗೆ ಸಲ್ಲದು. ಸೈಕಲ್ಲಿಗೂ ಓಟಕ್ಕೂ ಅವೇ ಬೇಕು. ತನಗಿಂತ ತುಸು ವೇಗದವರ ಪಾದಗಳ ಹಿಂದೆಯೇ ಈಜಿದರೆ ಶ್ರಮ ತಗ್ಗುತ್ತದೆ. ನಿಯಮವೂ ಇದನ್ನು ಒಪ್ಪುತ್ತದೆ. ಕೆರೆ ಕಡಲುಗಳ ತಳದಲ್ಲಿ ದಾರಿ ತೋರುವ ಗೆರೆಗಳಿಲ್ಲ. ಆಗಾಗ ಕಣ್ಣುಗಳನ್ನಷ್ಟೇ ನೀರಿನ ಮೇಲೆ ತಂದು ತೇಲುಗುರುತನ್ನು ನೋಡಿಕೊಳ್ಳದಿದ್ದರೆ, ಉಳಿಸಿದ ಕ್ಷಣಗಳೆಲ್ಲ ಸುತ್ತುದಾರಿಯಲ್ಲಿ ಕಳೆದುಹೋಗುತ್ತವೆ.