ಹನೋಯಿಯಲ್ಲಿ ಅರ್ಧ ದಿನದ ಕಾಲ್ನಡಿಗೆ: ಹೋಗುವವರಿಗೆ ನಾಲ್ಕು ಮಾತು



ವಿಯೆಟ್ನಾಂ ಪ್ರವಾಸದ ಬಗ್ಗೆ ಈಚೆಗೆ ನಮ್ಮಲ್ಲಿ ವಿಚಾರಿಸುವವರು ಹೆಚ್ಚಾಗಿದ್ದಾರೆ. 2023ರ ಆಗಸ್ಟ್ 15ರಿಂದ ಆ ದೇಶವು ಎಲ್ಲ ದೇಶದವರಿಗೂ 90 ದಿನಗಳ ಇ-ವೀಸಾ ನೀಡತೊಡಗಿದ ಮೇಲೆ ಹೋಗುವುದು ಸುಲಭವಾಗಿದೆ. ಆದರೆ ಹೆಚ್ಚಿನವರು ಬಸ್ಸಿನಲ್ಲಿ ಕುಳಿತು, ಕಿಟಕಿಯಿಂದ ಊರು ನೋಡಿ, ಅಂಗಡಿಯಲ್ಲಿ ಇಳಿದು, ಮತ್ತೆ ಬಸ್ಸು ಹತ್ತಿ ಮರಳುತ್ತಾರೆ. ರಾಜಧಾನಿ ಹನೋಯಿಯನ್ನು ಹಾಗೆ ನೋಡಿದರೆ ನೋಡಿದಂತೆಯೇ ಅಲ್ಲ. ಅಲ್ಲಿ ಸ್ಥಳೀಯ ಮಾರ್ಗದರ್ಶಕರೊಬ್ಬರ ಜತೆ ಬೆಳಗಿನಿಂದ ಮಧ್ಯಾಹ್ನದ ತನಕ ನಡೆಯುವ ಏರ್ಪಾಡು ಇದೆ. ಕಳೆದ ಪ್ರವಾಸದಲ್ಲಿ ನಾವು ಏಳು ಮಂದಿ ಹಾಗೆ ನಡೆದೆವು. ಅದು ಹೇಗೆ ನಡೆಯುತ್ತದೆ, ಏನನ್ನು ನೋಡಬೇಕು, ಮುಖ್ಯವಾಗಿ ಏನನ್ನು ಕೇಳಬೇಕು ಮತ್ತು ಏನನ್ನು ಕೇಳಬಾರದು ಎಂಬುದನ್ನು ಇಲ್ಲಿ ತಿಳಿಸುತ್ತೇವೆ.

ಈ ನಡಿಗೆ ಎರಡು ಬಗೆಯದು. ಒಂದು, ಹಣ ಕೊಟ್ಟು ಮೊದಲೇ ಗೊತ್ತುಪಡಿಸುವ ಪರವಾನಗಿ ಪಡೆದ ಮಾರ್ಗದರ್ಶಕರದು. ಇನ್ನೊಂದು, ಕಾಲೇಜು ವಿದ್ಯಾರ್ಥಿಗಳು ಇಂಗ್ಲಿಷ್ ಮಾತನಾಡಿ ಅಭ್ಯಾಸವಾಗಲೆಂದು ಉಚಿತವಾಗಿ ಕರೆದೊಯ್ಯುವುದು. ಉಚಿತ ಎಂದ ಮಾತ್ರಕ್ಕೆ ಕೈಬೀಸಿಕೊಂಡು ಹೋಗುವುದು ಸರಿಯಲ್ಲ. ಅವರ ಪ್ರವೇಶ ಟಿಕೆಟು, ಕಾಫಿ, ತಿಂಡಿ ನಮ್ಮದೇ ಜವಾಬ್ದಾರಿ. ಒಂದು ರೂಪಾಯಿಗೆ ಹತ್ತಿರ ಹತ್ತಿರ ಮುನ್ನೂರು ದೋಂಗ್ ಸಿಗುವ ಊರಿನಲ್ಲಿ ನೋಟಿನ ಸೊನ್ನೆಗಳನ್ನು ಎಣಿಸುವುದೇ ಒಂದು ಕೆಲಸ. ಐದು ಲಕ್ಷದ ನೋಟನ್ನು ಇಪ್ಪತ್ತು ಸಾವಿರದ್ದೆಂದು ಕೊಟ್ಟುಬಿಡಬೇಡಿ, ಎರಡರ ಬಣ್ಣವೂ ನೀಲಿ ಛಾಯೆಯದೇ.

ನಮಗೆ ಸಿಕ್ಕಿದ್ದು ಎರಡನೆಯ ವರ್ಷದ ಪದವಿ ಓದುವ ಹುಡುಗಿ. ಎಂಟು ಗಂಟೆಗೆ ಸರಿಯಾಗಿ ನಾವು ತಂಗಿದ್ದಲ್ಲಿಗೆ ಬಂದಳು. ಅವಳು ಮೊದಲು ಕಲಿಸಿದ್ದು ಇತಿಹಾಸವನ್ನಲ್ಲ, ರಸ್ತೆ ದಾಟುವುದನ್ನು. ಅಲ್ಲಿ ಮೋಟಾರು ಸೈಕಲುಗಳು ಮಳೆಗಾಲದ ನೇತ್ರಾವತಿಯಂತೆ ಹರಿಯುತ್ತವೆ, ನಿಲ್ಲುವುದಿಲ್ಲ. ಓಡಬಾರದು, ಹಿಂದೆ ಸರಿಯಬಾರದು, ನಡುವೆ ನಿಲ್ಲಲೂಬಾರದು. ಒಂದೇ ವೇಗದಲ್ಲಿ ನಿಧಾನವಾಗಿ ನಡೆಯುತ್ತಿದ್ದರೆ ಸವಾರರೇ ನಮ್ಮನ್ನು ಬಳಸಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಹಿರಿಯರೊಬ್ಬರು ಮೊದಲ ಸಲ ಜಪಸರ ಹಿಡಿದುಕೊಂಡೇ ದಾಟಿದರು. ಮೂರನೆಯ ಸಲಕ್ಕೆ ಅವರೇ ಮುಂದೆ.

ನಡಿಗೆ ಸಾಮಾನ್ಯವಾಗಿ ಹೋವಾನ್ ಕಿಯೆಮ್ ಸರೋವರದಿಂದ ಆರಂಭವಾಗುತ್ತದೆ. ಹೆಸರಿನ ಅರ್ಥ 'ಹಿಂತಿರುಗಿಸಿದ ಖಡ್ಗ'. ಹದಿನೈದನೆಯ ಶತಮಾನದಲ್ಲಿ ಚೀನಾದ ಮಿಂಗ್ ಸೇನೆಯನ್ನು ಹೊರಗಟ್ಟಿದ ಲೆ ಲೋಯ್ ಎಂಬ ದೊರೆ, ತನಗೆ ಒಲಿದು ಬಂದಿದ್ದ ದಿವ್ಯ ಖಡ್ಗವನ್ನು ಈ ಸರೋವರದ ಆಮೆಗೆ ಮರಳಿಸಿದನೆಂಬ ಐತಿಹ್ಯವಿದೆ. ಕಥೆಯೆಂದು ನಕ್ಕುಬಿಡುವ ಹಾಗಿಲ್ಲ. ಈ ನೀರಿನಲ್ಲಿ ನಿಜಕ್ಕೂ ಭಾರೀ ಗಾತ್ರದ ಆಮೆಯೊಂದು ಬದುಕಿತ್ತು. ಅದು 2016ರ ಜನವರಿಯಲ್ಲಿ ಸತ್ತಾಗ ಊರಿಗೆ ಊರೇ ಮರುಗಿತು. ಕೆಂಪು ಬಣ್ಣದ ಮರದ ಸೇತುವೆ ದಾಟಿ ನ್ಗೋಕ್ ಸೋನ್ ಗುಡಿಗೆ ಹೋದರೆ ಅದರ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿ ಕಾಯ್ದಿರಿಸಿರುವುದನ್ನು ಕಾಣಬಹುದು. 'ನಾನು ಚಿಕ್ಕವಳಿದ್ದಾಗ ಅದು ತಲೆ ಎತ್ತಿದ್ದನ್ನು ನೋಡಿದ್ದೇನೆ' ಎಂದು ಹುಡುಗಿ ಹೇಳಿದಾಗ ಅವಳ ದನಿಯಲ್ಲಿ ಮನೆಯ ಹಿರಿಯರನ್ನು ನೆನೆಯುವ ಗೌರವವಿತ್ತು.

ಸರೋವರದ ಉತ್ತರಕ್ಕೆ ಹಳೆಯ ಪೇಟೆ. 1010ರಲ್ಲಿ ಥಾಂಗ್ ಲಾಂಗ್ ಎಂಬ ಹೆಸರಿನಲ್ಲಿ ರಾಜಧಾನಿಯಾದ ಊರು ಇದು. ಅರಮನೆಗೆ ಸಾಮಾನು ಒದಗಿಸುತ್ತಿದ್ದ ಕುಶಲಕರ್ಮಿಗಳು ಬೀದಿಗೊಂದು ಕಸುಬಿನಂತೆ ನೆಲೆಸಿದರು. 'ಹಾಂಗ್' ಎಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಥಿಯೆಕ್ ತವರದ ಬೀದಿ, ಹಾಂಗ್ ಮುವೋಯ್ ಉಪ್ಪಿನ ಬೀದಿ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕೆಲವು ಬೀದಿಗಳು ಕಸುಬು ಬದಲಿಸಿವೆ, ಸೆಣಬಿನ ಬೀದಿಯಲ್ಲಿ ಈಗ ರೇಷ್ಮೆ ಮಾರುತ್ತಾರೆ. ತವರದ ಬೀದಿಯಲ್ಲಿ ಮಾತ್ರ ಇಂದಿಗೂ ಸುತ್ತಿಗೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕು. ಮನೆಗಳೋ ಎದುರಿನಿಂದ ಎರಡು ಮೂರು ಮೀಟರು ಅಗಲ, ಒಳಗೆ ಹೋದಷ್ಟೂ ಉದ್ದ. ಬೀದಿಗೆ ಮುಖಮಾಡಿದ ಅಗಲ ನೋಡಿ ತೆರಿಗೆ ಹಾಕುತ್ತಿದ್ದುದೇ ಇದಕ್ಕೆ ಕಾರಣ ಎನ್ನುತ್ತಾರೆ. ಮಾ ಮೇ ಬೀದಿಯ 87ನೇ ಸಂಖ್ಯೆಯ ಮನೆಯನ್ನು ಫ್ರಾನ್ಸಿನ ತುಲೂಸ್ ನಗರದ ನೆರವಿನಿಂದ ದುರಸ್ತಿ ಮಾಡಿ ಜನರ ವೀಕ್ಷಣೆಗೆ ಇಟ್ಟಿದ್ದಾರೆ. ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಅಂಗಳ ನಮ್ಮ ತೊಟ್ಟಿಮನೆಯನ್ನು ನೆನಪಿಸುತ್ತದೆ.

ಭಾರತೀಯರು ತಪ್ಪದೆ ಕೇಳಿ ನೋಡಬೇಕಾದುದು ಹಾಂಗ್ ಲುವೋಕ್ ಬೀದಿಯ ಪುಟ್ಟ ಮಸೀದಿ. 1890ರ ಸುಮಾರಿಗೆ ಇದನ್ನು ಕಟ್ಟಿಸಿದವರು ಇಲ್ಲಿ ಬಟ್ಟೆ ಮೊದಲಾದ ವ್ಯಾಪಾರಕ್ಕೆ ಬಂದ ಭಾರತದ ಮುಸಲ್ಮಾನ ವರ್ತಕರು. ಮಾರ್ಗದರ್ಶಕರು ತಾವಾಗಿ ಅಲ್ಲಿಗೆ ಕರೆದೊಯ್ಯುವುದಿಲ್ಲ, ನಾವು ಕೇಳಬೇಕು.

ಬೀದಿಯ ಫಲಕಗಳತ್ತ ಒಮ್ಮೆ ಕಣ್ಣು ಹಾಯಿಸಿ. ಸುತ್ತಲಿನ ಚೀನಾ, ಥಾಯ್ಲೆಂಡ್, ಕಾಂಬೋಡಿಯಾಗಳಿಗೆ ತಮ್ಮದೇ ಲಿಪಿಗಳಿವೆ. ವಿಯೆಟ್ನಾಂ ಮಾತ್ರ ರೋಮನ್ ಅಕ್ಷರದ ಮೇಲೆ ಕೆಳಗೆ ಚುಕ್ಕಿ, ಕೊಕ್ಕೆ, ಟೋಪಿ ಹಾಕಿ ಬರೆಯುತ್ತದೆ. ಇದರ ಬೇರು ಹದಿನೇಳನೆಯ ಶತಮಾನದ ಜೆಸ್ವಿತ್ ಮಿಶನರಿಗಳ ಕೆಲಸದಲ್ಲಿದೆ. ಪೋರ್ಚುಗಲ್‌ನ ಫ್ರಾನ್ಸಿಸ್ಕೊ ದೆ ಪಿನಾ 1617ರಲ್ಲಿ ಬಂದು ಈ ಭಾಷೆಯನ್ನು ಚೆನ್ನಾಗಿ ಕಲಿತರು. ಅವರಿಂದ ಕಲಿತ ಅಲೆಕ್ಸಾಂದ್ರ್ ದೆ ರೋಡ್ಸ್ ಅವರ ನಿಘಂಟು ಮತ್ತು ಧರ್ಮೋಪದೇಶದ ಪುಸ್ತಕ 1651ರಲ್ಲಿ ರೋಮಿನಲ್ಲಿ ಅಚ್ಚಾದವು. ಈ ದೆ ರೋಡ್ಸ್ ಪೂರ್ವಕ್ಕೆ ಹೋಗುವ ದಾರಿಯಲ್ಲಿ ಗೋವೆಯಲ್ಲಿ ಕೆಲಕಾಲ ತಂಗಿದ್ದವರು. ಗೋವೆಯ ನಮ್ಮ ಬಂಧುಗಳು ಕೊಂಕಣಿಯನ್ನು ರೋಮಿ ಲಿಪಿಯಲ್ಲಿಯೂ ನಾವು ಕನ್ನಡ ಲಿಪಿಯಲ್ಲಿಯೂ ಬರೆಯುವುದನ್ನು ಹೇಳಿದಾಗ ಹುಡುಗಿಗೆ ಬಹಳ ಸೋಜಿಗ. ಮಿಶನರಿಗಳ ಅಕ್ಷರ ಸರ್ಕಾರದ ಲಿಪಿಯಾದದ್ದು ಮಾತ್ರ ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, ಮುಂದೆ ಅದೇ ಅಕ್ಷರದಲ್ಲಿ ಫ್ರೆಂಚರ ವಿರುದ್ಧದ ಕರಪತ್ರಗಳೂ ಅಚ್ಚಾದವು.

ಹತ್ತು ಗಂಟೆಯ ಹೊತ್ತಿಗೆ ಕಾಫಿ. 1946ರಲ್ಲಿ ಹಾಲಿಗೆ ಬರ ಬಂದಾಗ ದೊಡ್ಡ ಹೋಟೆಲೊಂದರ ಕೆಲಸಗಾರ ಗಿಯಾಂಗ್ ಎಂಬುವರು ಮೊಟ್ಟೆಯ ಹಳದಿಯನ್ನು ಸಕ್ಕರೆಯೊಡನೆ ಕಡೆದು ಕಾಫಿಯ ಮೇಲೆ ಹಾಕಿದರಂತೆ. ಅವರ ಹೆಸರಿನ ಅಂಗಡಿ ಈಗಲೂ ಇದೆ. ಮೊಟ್ಟೆಯ ವಾಸನೆ ಬರುವುದಿಲ್ಲ, ಹೆದರಬೇಡಿ. ಈ ದೇಶಕ್ಕೆ ಕಾಫಿ ಗಿಡ ತಂದವರು 1857ರಲ್ಲಿ ಫ್ರೆಂಚ್ ಕಥೋಲಿಕ ಮಿಶನರಿಗಳು. ಇಂದು ರೊಬಸ್ಟಾ ಬೆಳೆಯುವುದರಲ್ಲಿ ವಿಯೆಟ್ನಾಂ ಜಗತ್ತಿಗೇ ಮೊದಲು. ಚಿಕ್ಕಮಗಳೂರಿನ ತೋಟದವರು ಕೇಳಿ ನಿಟ್ಟುಸಿರು ಬಿಟ್ಟಾರು.

ಅಲ್ಲಿಂದ ಸರೋವರದ ಪಶ್ಚಿಮಕ್ಕೆ ನಡೆದರೆ ಸಂತ ಜೋಸೆಫರ ಪ್ರಧಾನ ದೇವಾಲಯ. ಕಪ್ಪಿಟ್ಟ ಎರಡು ಚೌಕ ಗೋಪುರ, ಎದುರಿನ ಚೌಕದಲ್ಲಿ ಮಾತೆ ಮರಿಯಮ್ಮನವರ ಪ್ರತಿಮೆ. ಧರ್ಮಾಧ್ಯಕ್ಷ ಪ್ಯುಜಿನಿಯೆ ಅವರು ಲಾಟರಿ ನಡೆಸಿ ಹಣ ಕೂಡಿಸಿ ಕಟ್ಟಿಸಿದರು, 1886ರ ಕ್ರಿಸ್ಮಸ್‌ಗೆ ಉದ್ಘಾಟನೆಯಾಯಿತು. ನಮ್ಮ ಧರ್ಮಕೇಂದ್ರಗಳ ಲಕ್ಕಿ ಡಿಪ್‌ಗೆ ಇಂತಹ ಪೂರ್ವಜರಿದ್ದಾರೆಂದು ತಿಳಿದು ನಮ್ಮವರು ಸಂತೋಷಪಟ್ಟರು.

ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. 'ಇಲ್ಲಿ ಮೊದಲು ಬಾವೊ ಥಿಯೆನ್ ಎಂಬ ಬೌದ್ಧ ದೇಗುಲವಿತ್ತು' ಎಂದಳು ಹುಡುಗಿ. 1057ರಲ್ಲಿ ಅಲ್ಲಿ ಎತ್ತರದ ಗೋಪುರವೊಂದನ್ನು ಕಟ್ಟಿದ್ದರು. ಗೋಪುರ ಮೊದಲೇ ಹಾಳಾಗಿದ್ದರೂ ದೇಗುಲ ಉಳಿದಿತ್ತು. ಫ್ರೆಂಚರು ಊರನ್ನು ಹಿಡಿದ ಮೇಲೆ ಆ ಜಾಗ ಚರ್ಚಿನ ಕೈಗೆ ಬಂದು, ದೇಗುಲವನ್ನು ಕೆಡವಿ ಇಗರ್ಜಿ ಕಟ್ಟಲಾಯಿತು. ನಮ್ಮ ಜತೆಗಿದ್ದ ಒಬ್ಬರು ಸಿಟ್ಟಾದರು. 'ಇದೆಲ್ಲ ಕಮ್ಯುನಿಸ್ಟರು ಹೇಳಿಕೊಟ್ಟದ್ದು' ಎಂದು ಅವಳೆದುರಿಗೇ ಅಂದುಬಿಟ್ಟರು. ಅವಳು ಮುಖ ಕೆಳಗೆ ಹಾಕಿದಳು. ನಾವು ಮಧ್ಯೆ ಬಾಯಿ ಹಾಕಿ, ಅವಳು ಹೇಳಿದ್ದು ನಿಜವೆಂದು ಹೇಳಬೇಕಾಯಿತು.

ಕರಾವಳಿಯ ಕಥೋಲಿಕರಾದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. 1784ರಲ್ಲಿ ನೆಲಸಮವಾದ ನಮ್ಮ ಇಗರ್ಜಿಗಳನ್ನು, ಶ್ರೀರಂಗಪಟ್ಟಣದ ಸೆರೆವಾಸವನ್ನು ಇನ್ನೂರ ನಲವತ್ತು ವರ್ಷಗಳಾದರೂ ನಾವು ಮರೆತಿಲ್ಲ. ಮರೆಯಬೇಕೆಂದು ಯಾರಾದರೂ ಹೇಳಿದರೆ ನೋವಾಗುತ್ತದೆ. ಅದೇ ಅಳತೆಗೋಲು ಇಲ್ಲಿ ಹನೋಯಿಯ ಬೌದ್ಧರ ಕೈಯಲ್ಲಿದೆ. ಇದನ್ನು ಒಪ್ಪಿಕೊಂಡರೆ ಅಲ್ಲಿಯ ಕ್ರೈಸ್ತರ ಕಷ್ಟದ ಬೆಲೆ ಕಡಿಮೆಯಾಗುವುದಿಲ್ಲ. ಇದೇ ನಗರದಲ್ಲಿ 1839ರ ಡಿಸೆಂಬರ್ 21ರಂದು ಗುರು ಆಂಡ್ರೂ ಡುಂಗ್ ಲಾಕ್ ಅವರ ಶಿರಚ್ಛೇದವಾಯಿತು. ಅವರೂ ಸೇರಿ 117 ಮಂದಿಯನ್ನು 1988ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಸಂತರ ಸಾಲಿಗೆ ಸೇರಿಸಿದರು. ಪ್ರತಿವರ್ಷ ನವೆಂಬರ್ 24ರಂದು ನಾವು ಸ್ಮರಿಸುವ ಸಂತರು ಇವರೇ. 1954ರಲ್ಲಿ ದೇಶ ಇಬ್ಭಾಗವಾದಾಗ ಎಂಟು ಲಕ್ಷಕ್ಕೂ ಹೆಚ್ಚು ಜನ ಉತ್ತರ ಬಿಟ್ಟು ದಕ್ಷಿಣಕ್ಕೆ ಹೋದರು, ಅವರಲ್ಲಿ ಬಹುಪಾಲು ಕಥೋಲಿಕರು. ಉಳಿದವರು ಹೇಗೆ ಉಳಿದರೆಂಬುದನ್ನು ಆ ಹುಡುಗಿಯ ಪಠ್ಯಪುಸ್ತಕದಿಂದ ತಿಳಿಯುವುದು ಕಷ್ಟ. ನೂರಕ್ಕೆ ಆರೇಳು ಮಂದಿ ಮಾತ್ರ ಕಥೋಲಿಕರಿರುವ ದೇಶದಲ್ಲಿ ಅವಳಿಗೆ ಕ್ರೈಸ್ತ ಗೆಳತಿಯರೂ ಹೆಚ್ಚಿಲ್ಲ.

ದೇವಾಲಯದ ಪಕ್ಕದಲ್ಲೊಂದು ಉದ್ಯಾನವಿದೆ. 'ಮಕ್ಕಳ ಆಟಕ್ಕೆ ಒಳ್ಳೆಯ ಜಾಗ' ಎಂದಷ್ಟೇ ಅವಳು ಹೇಳಿದಳು. ಅದು ಜಗದ್ಗುರುಗಳ ಪ್ರತಿನಿಧಿಯ ನಿವಾಸವಿದ್ದ ಜಾಗ. 1959ರಲ್ಲಿ ಪ್ರತಿನಿಧಿಯನ್ನು ಹೊರಗೆ ಕಳುಹಿಸಲಾಯಿತು. 2007ರ ಡಿಸೆಂಬರಿನಿಂದ ಸಾವಿರಾರು ಭಕ್ತರು ಅದನ್ನು ಮರಳಿ ಕೊಡಿರೆಂದು ಬೇಲಿಯ ಬಳಿ ಮೇಣದ ಬತ್ತಿ ಹಿಡಿದು ಪ್ರಾರ್ಥಿಸಿದರು. 2008ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಉದ್ಯಾನವನ್ನಾಗಿ ಮಾಡಿಬಿಟ್ಟಿತು. ಅನಂತರ ಸಂಬಂಧ ನಿಧಾನವಾಗಿ ಸುಧಾರಿಸಿ, 2023ರ ಡಿಸೆಂಬರಿನಲ್ಲಿ ಆರ್ಚ್‌ಬಿಷಪ್ ಮಾರೆಕ್ ಜಲೆವ್‌ಸ್ಕಿ ಅವರು ದೇಶದಲ್ಲೇ ನೆಲೆಸುವ ಪ್ರತಿನಿಧಿಯಾಗಿ ನೇಮಕಗೊಂಡರು. ಈ ವಿಷಯವನ್ನು ಹುಡುಗಿ ತಿಳಿದಿದ್ದಳೋ ಇಲ್ಲವೋ, ನಾವು ಕೇಳಲಿಲ್ಲ. ಹೋಗುವವರಿಗೆ ನಮ್ಮ ಮುಖ್ಯ ಸಲಹೆ ಇದು: ಆಳುವ ಪಕ್ಷ, ಚರ್ಚಿನ ಆಸ್ತಿ, ಸೆರೆಮನೆಗಳ ಕುರಿತು ಮಾರ್ಗದರ್ಶಕರನ್ನು ಕೆದಕಬೇಡಿ. ನೀವು ಸಂಜೆ ವಿಮಾನ ಹತ್ತುತ್ತೀರಿ, ಅವರು ಅಲ್ಲೇ ಇರಬೇಕು. ತಿಳಿಯಬೇಕಾದುದನ್ನು ಮನೆಯಿಂದಲೇ ಓದಿಕೊಂಡು ಹೋಗಿ. ದಾರಿಯಲ್ಲಿ ಅವರು ಹೇಳಬಲ್ಲದ್ದನ್ನು ಕೇಳಿ. ಅವರ ಊಟ, ಮನೆ, ಓದು, ಹಬ್ಬ, ಅಜ್ಜಿಯ ಕಥೆ. ಅದೇ ಬೇಕಾದಷ್ಟಿದೆ.

ಹನ್ನೆರಡಕ್ಕೆ ನಡಿಗೆ ಮುಗಿಯಿತು. ಕೊಟ್ಟ ಹಣವನ್ನು ಅವಳು ತೆಗೆದುಕೊಳ್ಳಲಿಲ್ಲ, ಪುಟ್ಟ ಪುಸ್ತಕದಲ್ಲಿ ನಾಲ್ಕು ಸಾಲು ಬರೆದುಕೊಡಿ ಎಂದಳು. ಸಿಟ್ಟಾದವರೇ ಮೊದಲು ಪುಸ್ತಕ ತೆಗೆದುಕೊಂಡು ಬರೆದರು. ಏನು ಬರೆದರೆಂದು ನಾವು ನೋಡಲಿಲ್ಲ. ಓದಿ ಅವಳು ನಕ್ಕಳು.

ಕಾಲಿನಲ್ಲಿ ಇನ್ನೂ ಶಕ್ತಿಯಿದ್ದರೆ ಅಲ್ಲಿಂದ ಹದಿನೈದು ನಿಮಿಷದ ದಾರಿ ಹೋವಾ ಲೋ ಸೆರೆಮನೆ. ಒಲೆ ಮಾಡುವವರ ಊರನ್ನು ತೆರವು ಮಾಡಿ 1896ರಲ್ಲಿ ಫ್ರೆಂಚರು ಕಟ್ಟತೊಡಗಿದ್ದು. ಮುಂದೆ ಸೆರೆಸಿಕ್ಕ ಅಮೆರಿಕದ ವಿಮಾನ ಚಾಲಕರನ್ನು ಇಟ್ಟದ್ದೂ ಇಲ್ಲೇ, ಜಾನ್ ಮೆಕೇನ್ ಅವರೂ ಅದರಲ್ಲೊಬ್ಬರು. ಗಿಲೊಟಿನ್ ಇದೆ, ಕಾಲುಕೋಳಗಳಿವೆ, ಎಳೆಯ ಮಕ್ಕಳನ್ನು ಕರೆದೊಯ್ಯುವುದು ಬೇಡ. ಫ್ರೆಂಚರ ಕ್ರೌರ್ಯದ ವಿವರ ಧಾರಾಳವಾಗಿದೆ. 1954ರ ಬಳಿಕ ಆ ದೇಶದವರೇ ತಮ್ಮವರನ್ನು ಸೆರೆಯಲ್ಲಿಟ್ಟ ಕಥೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಆ ಕಥೆಗೆ ಒಬ್ಬರ ಹೆಸರು ಸಾಕು. ಧರ್ಮಾಧ್ಯಕ್ಷ ಫ್ರಾನ್ಸಿಸ್ ಝೇವಿಯರ್ ನ್ಗುಯೆನ್ ವಾನ್ ಥುವಾನ್ ಅವರನ್ನು 1975ರ ಆಗಸ್ಟ್ 15ರಂದು, ಮಾತೆಯ ಸ್ವರ್ಗಾರೋಹಣದ ಹಬ್ಬದ ದಿನ ದಕ್ಷಿಣದಲ್ಲಿ ಬಂಧಿಸಲಾಯಿತು. ವಿಚಾರಣೆಯೇ ಇಲ್ಲದೆ 13 ವರ್ಷ, ಅದರಲ್ಲಿ 9 ವರ್ಷ ಏಕಾಂತ ಸೆರೆ, ಕೆಲ ಕಾಲ ಹನೋಯಿಯಲ್ಲೂ. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು ಇಟ್ಟುಕೊಂಡು ಬಲಿಪೂಜೆ ಅರ್ಪಿಸುತ್ತಿದ್ದರೆಂದು ನಾವು ಗುರುಮಠದಲ್ಲಿ ಓದಿದವರು ಇವರ ಬಗ್ಗೆಯೇ. 2001ರಲ್ಲಿ ಕಾರ್ಡಿನಲ್ ಆದರು, 2002ರಲ್ಲಿ ತೀರಿಕೊಂಡರು, 2017ರಲ್ಲಿ ವಂದನೀಯರೆಂದು ಸಾರಲ್ಪಟ್ಟರು.

ಇನ್ನು ಉಳಿದದ್ದು ಸಣ್ಣ ವಿಷಯಗಳು. ಜೂನ್, ಜುಲೈ ತಿಂಗಳಲ್ಲಿ ಈ ನಡಿಗೆ ಬೇಡ, ಸೆಕೆ ಮಂಗಳೂರಿನ ಮೇ ತಿಂಗಳನ್ನು ಮೀರಿಸುತ್ತದೆ. ಅಕ್ಟೋಬರ್, ನವೆಂಬರ್ ಹಿತ. ದೇವಾಲಯಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಉಡುಪು ಇರಲಿ. ಹಳೆಯ ಚಪ್ಪಲಿಯೇ ಒಳ್ಳೆಯದು, ಕಾಲುದಾರಿಯ ತುಂಬಾ ನಿಲ್ಲಿಸಿದ ಸ್ಕೂಟರುಗಳನ್ನು ಬಳಸಿಕೊಂಡು ರಸ್ತೆಗಿಳಿಯಬೇಕಾಗುತ್ತದೆ. ಭಾನುವಾರದ ಬಲಿಪೂಜೆಗೆ ಪ್ರಧಾನ ದೇವಾಲಯಕ್ಕೆ ಹೋಗುವುದಾದರೆ ಅರ್ಧ ಗಂಟೆ ಮೊದಲೇ ಹೋಗಿ. ತಡವಾದರೆ ಒಳಗೆ ಜಾಗ ಸಿಗುವುದು ಕಷ್ಟ, ಹೊರಗೆ ಚೌಕದಲ್ಲೇ ನಿಲ್ಲಬೇಕಾದೀತು.