ಹೊಟ್ಟೆ ಸ್ಕ್ಯಾನಿಂಗ್‌ಗೆ ಹಿಂಜರಿಕೆ ಏಕೆ?

ಹೊಟ್ಟೆ ಉಬ್ಬಿದರೆ 'ಬರೀ ಗ್ಯಾಸು ಬಿಡಿ' ಅಂತ ಜೀರಿಗೆ ಕಷಾಯ ಕುಡಿದು ಸುಮ್ಮನಾಗ್ತೀರಾ? ಹಾಗಾದರೆ ಇದನ್ನು ಓದಿ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ತಜ್ಞರಿದ್ದರು. ಲೋಹದೊಳಗಿನ ಬಿರುಕು ಪತ್ತೆ ಮಾಡುವ ಶಬ್ದತರಂಗದ ಯಂತ್ರದಿಂದ ಹೊಟ್ಟೆಯೊಳಗನ್ನೂ ನೋಡಬಹುದಲ್ಲ ಎಂದು ಅವರಿಗೆ ಹೊಳೆಯಿತು. ಒಬ್ಬ ಮಹಿಳೆಗೆ ಜಠರದ ಕ್ಯಾನ್ಸರ್, ಇನ್ನೇನೂ ಮಾಡಲಾಗದು ಎಂದು ವೈದ್ಯರು ಕೈಚೆಲ್ಲಿದ್ದರು. ಯಂತ್ರ ತೋರಿಸಿದ್ದೇ ಬೇರೆ: ಅಂಡಾಶಯದಲ್ಲಿ ದ್ರವ ತುಂಬಿದ ದೊಡ್ಡ ಗಡ್ಡೆ! ಆಪರೇಷನ್ ಮಾಡಿ ತೆಗೆದರು, ಜೀವ ಉಳಿಯಿತು. 1958ರಲ್ಲಿ ಡೊನಾಲ್ಡ್, ಮ್ಯಾಕ್‌ವಿಕಾರ್ ಮತ್ತು ಎಂಜಿನಿಯರ್ ಬ್ರೌನ್ ತಮ್ಮ ಸಂಶೋಧನೆಯನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದರಲ್ಲಿ ಎಕ್ಸ್‌ರೇ ಇಲ್ಲ. ಕಿಬ್ಬೊಟ್ಟೆಯ ಸ್ಕ್ಯಾನಿಂಗ್‌ಗೆ ಮೊದಲು ನೀರು ಕುಡಿಸೋದು ಏಕೆ ಗೊತ್ತಾ? ಗಾಳಿ ತುಂಬಿದ ಕರುಳನ್ನು ಈ ತರಂಗ ದಾಟದು. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ಸರಿಸಿ, ಗರ್ಭಕೋಶ, ಅಂಡಾಶಯ ಕಾಣಲು ಕಿಟಕಿಯಾಗುತ್ತದೆ. ಪಿತ್ತಕೋಶ ನೋಡಬೇಕಿದ್ದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು.

ಹೊಟ್ಟೆಯುಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರ ಇವು ಎರಡು ಮೂರು ವಾರ ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಮುಟ್ಟು ನಿಂತವರಂತೂ ಉದಾಸೀನ ಮಾಡಲೇಬಾರದು. ಮಕ್ಕಳ ಪರೀಕ್ಷೆ ಮುಗೀಲಿ, ಹಬ್ಬ ಕಳೀಲಿ ಅಂತ ಮುಂದೂಡಬೇಡಿ.