ಆನ್‌ಲೈನ್ ಇಂಟರ್‌ವ್ಯೂನಲ್ಲಿ ಸುಮ್ಮನೆ ಕೂರಬೇಡಿ

ಎಂಟು ವರ್ಷದ ಕೆಲಸದಲ್ಲಿ ಆನ್‌ಲೈನ್ ಇಂಟರ್‌ವ್ಯೂಗಳನ್ನು ಸಾಕಷ್ಟು ಕೊಟ್ಟಿದ್ದೇನೆ. ಎರಡು ವರ್ಷದಿಂದ ತಗೊಳ್ತಾನೂ ಇದ್ದೇನೆ. ನಾನು ಕಂಡ ಹಾಗೆ, ನಮ್ಮ ಕಡೆಯ ಹುಡುಗ ಹುಡುಗಿಯರು ಕೋಡಿಂಗ್ ಬಾರದೆ ಸೋಲೋದಕ್ಕಿಂತ ಮಾತಾಡದೆ ಸೋಲೋದೇ ಹೆಚ್ಚು.

ಎದುರಿಗೆ ಕೂತಾಗ ನೀವು ಸುಮ್ಮನಿದ್ದರೂ ಹಾಳೆ ಮೇಲೆ ಪೆನ್ನು ಓಡೋದು ಕಾಣುತ್ತೆ, ಯೋಚಿಸ್ತಿದ್ದೀರಿ ಅಂತ ತಿಳಿಯುತ್ತೆ. ಸ್ಕ್ರೀನಲ್ಲಿ ಕಾಣೋದು ಅಂಗೈಯಗಲದ ಮುಖ, ಖಾಲಿ ಎಡಿಟರ್ ಅಷ್ಟೇ. ಎರಡು ನಿಮಿಷ ಸದ್ದಿಲ್ಲ ಅಂದ್ರೆ ನೆಟ್ ಹೋಯ್ತೋ, ಉತ್ತರ ಹೊಳೀಲಿಲ್ವೋ ಗೊತ್ತಾಗಲ್ಲ. ಈಗ ಮೂರನೇ ಅನುಮಾನವೂ ಸೇರಿದೆ: ಪಕ್ಕದಲ್ಲಿ ಚಾಟ್‌ಜಿಪಿಟಿ ತೆರೆದಿದ್ದಾರೇನೋ. ಅಭ್ಯರ್ಥಿಗೆ ಮೂಲ ವಿಷಯ ಗೊತ್ತಿದೆಯೇ ಅಂತ ಖಾತ್ರಿ ಮಾಡ್ಕೊಳ್ಳೋಕೆ ಒಂದು ಸುತ್ತಾದರೂ ಮುಖಾಮುಖಿ ನಡೆಸ್ತೀವಿ ಅಂತ ಗೂಗಲ್‌ನ ಸುಂದರ್ ಪಿಚೈ 2025ರಲ್ಲಿ ಹೇಳಿದ್ದರು.

ಕಳೆದ ವರ್ಷ ಹಾವೇರಿ ಕಡೆಯ ಹುಡುಗನೊಬ್ಬನ ಇಂಟರ್‌ವ್ಯೂಗೆ ನಾನೂ ಒಬ್ಬ ಸಹೋದ್ಯೋಗಿಯೂ ಕೂತಿದ್ವಿ. ಒಂದು ಪಟ್ಟಿಯಲ್ಲಿ ಯಾವ ಎರಡು ಸಂಖ್ಯೆ ಕೂಡಿದರೆ ಕೊಟ್ಟ ಮೊತ್ತ ಬರುತ್ತೆ ಅನ್ನೋ ಮಾಮೂಲಿ ಪ್ರಶ್ನೆ. ಹುಡುಗ ಮೌನ. ಕಣ್ಣು ಎಡಕ್ಕೆ. ನಾಲ್ಕು ನಿಮಿಷ ಆದಮೇಲೆ ಸರಸರ ಅಂತ ಸರಿಯಾದ ಕೋಡ್ ಟೈಪ್ ಮಾಡಿದ. 'ಎಲ್ಲೋ ನೋಡಿ ಬರೀತಿದ್ದಾನೆ, ಮುಗಿಸೋಣ' ಅಂತ ಸಹೋದ್ಯೋಗಿ ನನಗೆ ಮೆಸೇಜ್ ಹಾಕಿದ್ರು.

ನಾನು ಷರತ್ತು ಬದಲಿಸಿದೆ. ಪಟ್ಟಿ ಮೊದಲೇ ಏರಿಕೆ ಕ್ರಮದಲ್ಲಿದೆ, ಹೆಚ್ಚುವರಿ ಮೆಮೊರಿ ಬಳಸೋ ಹಾಗಿಲ್ಲ. 'ಕನ್ನಡದಲ್ಲೇ ಹೇಳಿ, ಪರವಾಗಿಲ್ಲ' ಅಂದೆ.

'ಎರಡೂ ತುದಿಯಿಂದ ಬರ್ತೀನ್ರಿ ಮೇಡಂ. ಮೊತ್ತ ಹೆಚ್ಚಾತಂದ್ರ ಬಲಗಡೆದು ಒಂದು ಹೆಜ್ಜೆ ಹಿಂದ, ಕಡಿಮಿ ಆತಂದ್ರ ಎಡಗಡೆದು ಮುಂದ.'

ತಡವರಿಸಲೇ ಇಲ್ಲ. ಎಡಗಡೆ ಇದ್ದದ್ದು ರಫ್ ನೋಟ್‌ಬುಕ್, ಕ್ಯಾಮೆರಾಗೆ ಎತ್ತಿ ತೋರಿಸಿದ. ಇಂಗ್ಲಿಷ್ ವಾಕ್ಯ ಮನಸ್ಸಲ್ಲಿ ಸರಿಯಾಗಿ ಕೂತ ಮೇಲೆ ಬಾಯಿ ಬಿಡೋಣ ಅಂತ ಕಾಯ್ತಿದ್ದನಂತೆ! ಆ ಸುತ್ತು ದಾಟಿಸಿದ್ವಿ. ಸಹೋದ್ಯೋಗಿ ಒಪ್ಪಿದ್ದು ಅರ್ಧ ಮನಸ್ಸಿಂದಲೇ.

ಹಾಗಾಗಿ ಪ್ರಶ್ನೆ ಬಂದ ತಕ್ಷಣ ಅದನ್ನ ನಿಮ್ಮ ಮಾತಲ್ಲಿ ಮತ್ತೊಮ್ಮೆ ಹೇಳಿ. ಪಟ್ಟಿ ಖಾಲಿ ಇದ್ರೆ? ಒಂದೇ ಸಂಖ್ಯೆ ಎರಡು ಸಲ ಬಂದ್ರೆ? ಕೇಳಿ. ಮೊದಲು ದಡ್ಡ ದಾರಿಯನ್ನೇ ಹೇಳಿ: ಎರಡು ಲೂಪ್ ಹಾಕ್ತೀನಿ, ನಿಧಾನ ಆಗುತ್ತೆ, ಹ್ಯಾಶ್‌ಮ್ಯಾಪ್ ಇಟ್ರೆ ಒಂದೇ ಸುತ್ತಲ್ಲಿ ಮುಗಿಯುತ್ತೆ. ಇಂಗ್ಲಿಷ್ ಹರಕುಮುರುಕಾದರೂ ಸಾಕು. 'ಒಂದು ನಿಮಿಷ ಕಾಗದದಲ್ಲಿ ಬರೆದು ನೋಡ್ತೀನಿ' ಅಂತ ಹೇಳಿಬಿಟ್ರೆ ಕಣ್ಣು ಅತ್ತ ಹೋದರೂ ಯಾರೂ ತಪ್ಪು ತಿಳಿಯಲ್ಲ. ಅಭ್ಯಾಸಕ್ಕೆ ಫೋನಲ್ಲಿ ನಿಮ್ಮ ಮಾತು ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲ ಸಲ ನಾಚಿಕೆ ಆಗುತ್ತೆ, ಆಗಲಿ.

ಕರೆಂಟ್ ಹೋಗೋ ಊರಾದರೆ ರೌಟರ್‌ಗೆ ಪುಟ್ಟ ಯುಪಿಎಸ್, ಫೋನಲ್ಲಿ ಹಾಟ್‌ಸ್ಪಾಟ್ ರೆಡಿ ಇರಲಿ. ಆ ಒಂದು ಗಂಟೆ ಕುಕ್ಕರ್ ಇಡಬೇಡ ಅಂತ ಅಮ್ಮನಿಗೂ ಹೇಳಿ. ಅಮೆರಿಕದ ಕಂಪನಿಯಾದರೆ ಗಡಿಯಾರ ನೋಡ್ಕೊಳ್ಳಿ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರ್ತಾರೆ. ನ್ಯೂಯಾರ್ಕ್‌ನ ಬೆಳಗ್ಗೆ 10 ಗಂಟೆ ಅಂದ್ರೆ ಜುಲೈನಲ್ಲಿ ನಮಗೆ ಸಂಜೆ 7:30, ಜನವರಿಯಲ್ಲಿ ರಾತ್ರಿ 8:30.

ಇಂಟರ್‌ವ್ಯೂ ತಗೊಳ್ಳೋರಿಗೂ ಒಂದು ಮಾತು. ಅನುಮಾನ ಬಂದ್ರೆ ಕಾಲ್ ಕಟ್ ಮಾಡೋ ಮುಂಚೆ ಪ್ರಶ್ನೆಯ ಒಂದು ಷರತ್ತು ಬದಲಿಸಿ, 'ಯಾಕೆ ಹೀಗೆ ಬರೆದ್ರಿ' ಅಂತ ಕೇಳಿ. ಎರಡೇ ನಿಮಿಷದ ಕೆಲಸ.